ಉಪ್ಪುಗಾಳಿ ಬರೆಸುವ ಪರೀಕ್ಷೆ

ನನ್ನ ಮೊದಲ ಮೊಬೈಲ್ ಕೈಜಾರಿ ಬಿದ್ದು ಒಡೆಯಲಿಲ್ಲ, ಬಾವಿಗೂ ಬೀಳಲಿಲ್ಲ. ಮೇಜಿನ ಮೇಲೆ ಇಟ್ಟಲ್ಲೇ ಹಸಿರಾಯಿತು. ಚಾರ್ಜರ್ ಚುಚ್ಚುವ ತೂತಿನ ಬಾಯಲ್ಲಿ ಪಾಚಿಯ ಬಣ್ಣ ಕಂಡಿತು. ಕುಮಟಾ ಪೇಟೆಯ ರಿಪೇರಿಯವರು ಹಿಂಬದಿ ಬಿಚ್ಚಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ ತೀರ್ಪು ಕೊಟ್ಟರು: ‘ತಮಾ, ಇದು ನೀರು ಕುಡಿದದ್ದಲ್ಲ, ಗಾಳಿ ಕುಡಿದದ್ದು.’

ನಾನು ಗ್ಯಾಜೆಟ್ ಹುಚ್ಚಿನವನು. ಹೊಸ ಫೋನ್ ಬಂತೆಂದರೆ ಅದರ ಜಾತಕ ಓದದೆ ನಿದ್ದೆ ಬರುವುದಿಲ್ಲ. ವೈಜ್ಞಾನಿಕ ಕಥೆ ಕೈಗೆ ಸಿಕ್ಕರೆ ಊಟ ತಣ್ಣಗಾಗುತ್ತದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ಈ ಕಡಲಪಟ್ಟಿಯಲ್ಲಿ ಬದುಕುತ್ತ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಯಂತ್ರದ ಬುದ್ಧಿಯನ್ನು ಬೆಂಗಳೂರಿನಲ್ಲಿ ಅಳೆಯಬಹುದು. ಅದರ ಆಯುಷ್ಯ ಅಳೆಯಬೇಕಾದರೆ ಇಲ್ಲಿಗೇ ತರಬೇಕು.

ಕಿಲುಬಿನ ಲೆಕ್ಕ

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗ ಇದು. ಮಳೆ ಇಲ್ಲದಾಗ ಉಪ್ಪುಗಾಳಿ. ಅಲೆ ಒಡೆದಾಗ ಹಾರುವ ಉಪ್ಪಿನ ಕಣಗಳು ಗಾಳಿಯಲ್ಲಿ ತೇಲಿ ಬಂದು ಸರ್ಕಿಟ್ ಬೋರ್ಡಿನ ಮೇಲೆ ಕೂರುತ್ತವೆ, ತೇವ ಹೀರಿಕೊಂಡು ಕಣ್ಣಿಗೆ ಕಾಣದ ಪದರವಾಗುತ್ತವೆ. ಆ ಪದರದಲ್ಲಿ ವಿದ್ಯುತ್ ಹರಿದರೆ ತಾಮ್ರ ಕರಗಿ ಹಸಿರು ಕಿಲುಬಾಗುತ್ತದೆ. ದೇವರ ಮನೆಯ ತಾಮ್ರದ ತಂಬಿಗೆಗೆ ಹಿಡಿಯುತ್ತದಲ್ಲ, ಅದರ ದಾಯಾದಿಯೇ. ತಂಬಿಗೆಗೆ ಹುಣಸೆಹಣ್ಣು ಸಾಕು, ಫೋನಿಗೆ ಐಸೊಪ್ರೊಪೈಲ್ ಆಲ್ಕೊಹಾಲು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷು ಬೇಕು.

‘ಇದು ಐಪಿ 68, ನೀರಲ್ಲಿ ಹಾಕಿದರೂ ಏನೂ ಆಗೋದಿಲ್ಲ’ ಎಂದು ಅಂಗಡಿಯವರು ಹೇಳುವುದುಂಟು. 6 ಎಂದರೆ ದೂಳು ಒಳಗೆ ಹೋಗದು. 8 ಎಂದರೆ ಕಂಪನಿ ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ಮುಳುಗಿದರೂ ನೀರು ನುಗ್ಗದು. ಆದರೆ ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಮುರ್ಡೇಶ್ವರದ ಅಲೆಯಲ್ಲಿ ಸೆಲ್ಫಿ ತೆಗೆಯುವವರು ಈ ಒಂದು ಸಾಲನ್ನು ನೆನಪಿಡಬೇಕು.

ಇನ್ನು ಅಕ್ಕಿ ಡಬ್ಬಿಯ ವೈದ್ಯ. ಒದ್ದೆಯಾದ ಫೋನನ್ನು ಕುಚಲಕ್ಕಿಯಲ್ಲಿ ಹೂಳುವುದು ನಮ್ಮ ಮನೆಮನೆಯ ಚಿಕಿತ್ಸೆ. ಹಾಗೆ ಮಾಡಬೇಡಿ, ಅಕ್ಕಿಯ ಪುಡಿ ಒಳಗೆ ಹೋಗಿ ಇನ್ನಷ್ಟು ಕೆಡುತ್ತದೆ ಎಂದು ಆ್ಯಪಲ್ ಕಂಪನಿ 2024ರಲ್ಲಿ ತನ್ನ ಸಲಹೆಯಲ್ಲಿ ಬರೆಯಿತು. ಅದಲ್ಲದೆ ಆಷಾಢದಲ್ಲಿ ನಮ್ಮ ಡಬ್ಬಿಯ ಅಕ್ಕಿಗೇ ಬೂಸಲು ಬಂದಿರುತ್ತದೆ. ಅದು ಇನ್ನೊಬ್ಬರ ನೀರು ಹೀರುವುದು ಎಲ್ಲಿಂದ ಬಂತು?

ಭಟ್ಕಳದ ಪೆಟ್ಟಿಗೆ

ನಮ್ಮ ಸೀಮೆಗೆ ಭವಿಷ್ಯ ಬಂದದ್ದು ಬೆಂಗಳೂರಿನಿಂದ ಘಟ್ಟ ಇಳಿದಲ್ಲ, ಕೊಲ್ಲಿಯ ಕಡಲು ದಾಟಿ. ದುಬೈಗೆ ದುಡಿಯಲು ಹೋದ ಭಟ್ಕಳದ ನವಾಯತರು ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರು, ವಿಸಿಆರು, ಕ್ಯಾಲ್ಕುಲೇಟರು ತುಂಬಿಕೊಂಡು ಬರುತ್ತಿದ್ದರು. ಸುತ್ತಲಿನ ಊರಿನವರು ಮದುವೆ ಉಡುಗೊರೆಗೆ ಫಾರಿನ್ ಸಾಮಾನು ಬೇಕೆಂದರೆ ಭಟ್ಕಳದ ಬಸ್ಸು ಹತ್ತುತ್ತಿದ್ದರು.

ಆ ಸಾಮಾನಿನ ಜೊತೆ ಒಂದು ತಲೆನೋವೂ ಬರುತ್ತಿತ್ತು. ಅಲ್ಲಿಯ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ನಮ್ಮ ಗೋಡೆಯಲ್ಲಿ ಮೂರು ದುಂಡು ತೂತು. ಎರಡೂ ಕಡೆ ವೋಲ್ಟೇಜು ಹೆಚ್ಚುಕಡಿಮೆ ಒಂದೇ, ಆದರೆ ಬಾಯಿ ಬೇರೆ. ನಡುವೆ ಅಡಾಪ್ಟರ್ ಎಂಬ ಸಣ್ಣ ದುಭಾಷಿ ಬೇಕು. ತಂತ್ರಜ್ಞಾನದ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಶಕ್ತಿ ಎಲ್ಲ ಕಡೆ ಒಂದೇ ಇದ್ದರೂ, ಸಾಮಾನು ನಮ್ಮ ಮನೆಯ ಗೋಡೆಗೆ ಹೊಂದಬೇಕು.

ಕಥೆಯ ಯಂತ್ರಕ್ಕೆ ತುಕ್ಕು ಯಾಕಿಲ್ಲ?

ವೈಜ್ಞಾನಿಕ ಕಥೆಗಳ ಮೇಲೆ ನನಗೆ ಪ್ರೀತಿ ಎಷ್ಟೋ ತಕರಾರೂ ಅಷ್ಟೇ. ಅಲ್ಲಿ ಆಕಾಶನೌಕೆ ಗ್ರಹದಿಂದ ಗ್ರಹಕ್ಕೆ ಹಾರುತ್ತದೆ, ಆದರೆ ಅದರ ಚಾರ್ಜರಿನ ವಯರು ಎಂದೂ ಬಗ್ಗಿ ಕಟ್ಟಾಗುವುದಿಲ್ಲ.

ಆರ್ಥರ್ ಕ್ಲಾರ್ಕ್ 1945ರಲ್ಲೇ ಒಂದು ಲೇಖನ ಬರೆದು, ಭೂಮಿಯಿಂದ ಸುಮಾರು 36 ಸಾವಿರ ಕಿಲೊಮೀಟರ್ ಎತ್ತರದಲ್ಲಿ ಉಪಗ್ರಹ ನಿಲ್ಲಿಸಿದರೆ ಜಗತ್ತಿಗೆಲ್ಲ ಪ್ರಸಾರ ಮಾಡಬಹುದು ಎಂದರು. ಮೂವತ್ತು ವರ್ಷದಲ್ಲಿ ಅದು ನಮ್ಮ ನಾಡಿಗೇ ಬಂತು. 1975-76ರ ‘ಸೈಟ್’ ಪ್ರಯೋಗದಲ್ಲಿ ದೇಶದ ಸುಮಾರು 2,400 ಹಳ್ಳಿಗಳು ಉಪಗ್ರಹದಿಂದ ಟೀವಿ ನೋಡಿದವು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೊಲಂಬೊದಲ್ಲಿ ನೆಲೆಸಿದ್ದ ಕ್ಲಾರ್ಕ್ ಮನೆಗೂ ಇಸ್ರೊದವರು ಹೋಗಿ ಡಿಶ್ ಕಟ್ಟಿಕೊಟ್ಟರು. ಬಿಜಾಪುರಕ್ಕೆ ಸರಿ. ನಮ್ಮಲ್ಲಿ ಜೂನ್ ಬಂದರೆ ಡಿಶ್ಶಿನ ಕೊಡೆ ಕೈಕೊಡುತ್ತದೆ. ಈಗಿನ ಡಿಶ್ ಟೀವಿಯ ತರಂಗಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಮಳೆಹನಿಗಳು ಅವನ್ನು ಹೀರುತ್ತವೆ, ಚದುರಿಸುತ್ತವೆ. ಮೂವತ್ತಾರು ಸಾವಿರ ಕಿಲೊಮೀಟರ್ ಸಲೀಸಾಗಿ ಬಂದ ಸಿಗ್ನಲ್ಲು ಕೊನೆಯ ನಾಲ್ಕೈದು ಕಿಲೊಮೀಟರಿನ ಮಳೆಯಲ್ಲಿ ಸೋಲುತ್ತದೆ.

ಫ್ರಾನ್ಸಿನ ಜೂಲ್ಸ್ ವರ್ನ್ ಮಾತ್ರ ನಮ್ಮ ಕಡೆಯವನು ಅನ್ನಿಸುತ್ತಾನೆ. 1870ರ ಸುಮಾರಿಗೆ ಆತ ಬರೆದ ಜಲಾಂತರ್ಗಾಮಿ ವಿದ್ಯುತ್ತಿನಿಂದ ಓಡುತ್ತದೆ. ಅದರ ಬ್ಯಾಟರಿಗೆ ಬೇಕಾದ ಸೋಡಿಯಂ ತೆಗೆಯುವುದು ಕಡಲ ಉಪ್ಪಿನಿಂದ. ಆ ನೌಕೆಯ ಕ್ಯಾಪ್ಟನ್ ನೆಮೊ ಬುಂದೇಲಖಂಡದ ರಾಜಕುಮಾರ ಎಂದು ಮುಂದಿನ ಕಾದಂಬರಿಯೊಂದರಲ್ಲಿ ಗೊತ್ತಾಗುತ್ತದೆ. ನೆಮೊ ನಮ್ಮ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಕಂಡಿದ್ದರೆ ಅಲ್ಲೇ ಲಂಗರು ಹಾಕುತ್ತಿದ್ದನೇನೊ. ಈಗ ಲಿಥಿಯಂ ಬದಲು ಸೋಡಿಯಂ ಬಳಸುವ ಬ್ಯಾಟರಿಗಳು ಕಾರ್ಖಾನೆಯಿಂದ ಹೊರಬರುತ್ತಿವೆ. ತೂಕ ಹೆಚ್ಚು, ಆದರೆ ಕಚ್ಚಾಮಾಲಿಗೆ ಬರವಿಲ್ಲ. ನನ್ನ ಫೋನನ್ನು ಕೊಂದ ಉಪ್ಪೇ ನಾಳೆ ಅದಕ್ಕೆ ಜೀವ ಕೊಡಬಹುದು.

ರೋಬೊ ಎಂಬ ಪದ ಹುಟ್ಟಿದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ನಾಟಕದಲ್ಲಿ. 1921ರಲ್ಲಿ ಅದು ರಂಗಕ್ಕೆ ಬಂತು. ಮೂಲದ ಅರ್ಥ ಬಿಟ್ಟಿ ಚಾಕರಿ. ಆ ನಾಟಕದಲ್ಲಿ ರೋಬೊಗಳು ದಂಗೆಯೆದ್ದು ಮನುಷ್ಯಕುಲವನ್ನೇ ಮುಗಿಸುತ್ತವೆ, ಒಬ್ಬನನ್ನು ಬಿಟ್ಟು. ಅವನು ಕಟ್ಟಡ ಕಟ್ಟಿಸುವವನು. ತಮ್ಮಂತೆಯೇ ಕೈಯಿಂದ ದುಡಿಯುತ್ತಾನೆಂದು ಅವನನ್ನು ಉಳಿಸುತ್ತವೆ. ರೋಬೊ ತಯಾರಿಸುವ ಸೂತ್ರ ಅಷ್ಟರಲ್ಲಿ ಸುಟ್ಟುಹೋಗಿರುತ್ತದೆ, ಅದನ್ನು ಮತ್ತೆ ಹುಡುಕಿಕೊಡೆಂದು ಅವನನ್ನೇ ಗೋಗರೆಯುತ್ತವೆ. ಕೃತಕ ಬುದ್ಧಿಮತ್ತೆ ಎಲ್ಲರ ಕೆಲಸ ಕಸಿಯುತ್ತದೆ ಎಂದು ಯಾರಾದರೂ ಹೆದರಿಸಿದಾಗ ನನಗೆ ಕುಮಟಾದ ರಿಪೇರಿಯವರ ಆ ಭೂತಗನ್ನಡಿ ನೆನಪಾಗುತ್ತದೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರಕ್ಕೆ ದುಡಿದರೂ ಸಾಲು ದೊಡ್ಡದಾಗಲಿಲ್ಲ. ಆದರೆ ಕೌತುಕಕ್ಕೆ ರಾಕೆಟ್ಟೇ ಬೇಕೇ? ತೇಜಸ್ವಿಯವರ ‘ಕರ್ವಾಲೊ’ದಲ್ಲಿ ವಿಜ್ಞಾನಿ ಬೆನ್ನಟ್ಟುವುದು ಒಂದು ಹಾರುವ ಓತಿಯನ್ನು. ಅಂಥ ಓತಿ ಹೊನ್ನಾವರದ ಅಡಿಕೆ ತೋಟದಲ್ಲೂ ಮರದಿಂದ ಮರಕ್ಕೆ ತೇಲುತ್ತದೆ. ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ವೈಜ್ಞಾನಿಕ ಕಾದಂಬರಿ ಅದೇ.

ಬೋಟಿನ ಮೇಲೆ ಐನ್‌ಸ್ಟೈನ್

ಈ ತಾಲ್ಲೂಕುಗಳಲ್ಲಿ ಅತಿ ಹೆಚ್ಚು ತಂತ್ರಜ್ಞಾನ ಎಲ್ಲಿದೆ ಎಂದು ಕೇಳಿದರೆ ನಾನು ಕಾಲೇಜಿನ ಲ್ಯಾಬ್ ತೋರಿಸುವುದಿಲ್ಲ, ಬಂದರಿಗೆ ಕರೆದೊಯ್ಯುತ್ತೇನೆ. ಹೊನ್ನಾವರದ ಕಾಸರಕೋಡಿನಲ್ಲಿ ನಿಂತ ಪರ್ಸೀನ್ ಬೋಟಿನ ಕ್ಯಾಬಿನ್ನಿನಲ್ಲಿ ಜಿಪಿಎಸ್ ಇದೆ, ವೈರ್‌ಲೆಸ್ ಇದೆ, ಫಿಶ್ ಫೈಂಡರ್ ಇದೆ.

ಜಿಪಿಎಸ್ ಉಪಗ್ರಹಗಳು 20 ಸಾವಿರ ಕಿಲೊಮೀಟರ್ ಮೇಲಿನಿಂದ ಸಮಯ ಹೇಳುತ್ತವೆ. ಅವುಗಳ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಅದಕ್ಕೆ ಕಾರಣ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ. ಬೆಳಕು ಅಷ್ಟು ಹೊತ್ತಿನಲ್ಲಿ 11 ಕಿಲೊಮೀಟರ್ ದಾಟುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದು ತಿದ್ದಿರುವುದರಿಂದಲೇ ಬೋಟು ನಡೆಸುವ ನಮ್ಮ ತಾಂಡೇಲರು ಕತ್ತಲಲ್ಲೂ ಶರಾವತಿಯ ಅಳಿವೆಯ ಬಾಯಿ ಹುಡುಕುತ್ತಾರೆ. ಫಿಶ್ ಫೈಂಡರ್ ಇನ್ನೂ ಸರಳ. ಶಬ್ದ ಕಡಲ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಕೆಳಗೆ ಕಳಿಸಿದ ಸದ್ದು 0.04 ಸೆಕೆಂಡಿನಲ್ಲಿ ಮರಳಿದರೆ ತಳ 30 ಮೀಟರ್ ಆಳದಲ್ಲಿದೆ. ನಡುವೆಯೇ ಮರಳಿದರೆ ಅಲ್ಲಿ ಮೀನಿನ ಹಿಂಡು ಇದೆ.

ಇಷ್ಟು ಸುಲಭವಾದ್ದಕ್ಕೆ ಬೆಲೆಯೂ ಇದೆ. ರಾಂಪಣಿ ಬಲೆ ಎಳೆಯುವವರು ಮೀನು ದಡಕ್ಕೆ ಬರಲೆಂದು ಕಾಯುತ್ತಿದ್ದರು, ಯಂತ್ರ ಕಾಯುವುದಿಲ್ಲ. ಎಲ್‌ಇಡಿ ದೀಪ ಉರಿಸಿ ರಾತ್ರಿ ಮೀನು ಸೆಳೆಯುವುದನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಬೇಕಾಯಿತು. ಕಥೆಗಾರರು ಯಾವಾಗಲೂ ಯಂತ್ರ ದಂಗೆ ಏಳುತ್ತದೆ ಎಂದು ಹೆದರಿಸುತ್ತಾರೆ. ನಿಜವಾದ ಭಯ ಬೇರೆ. ಯಂತ್ರ ಹೇಳಿದ ಮಾತು ಕೇಳುತ್ತದೆ, ತುಂಬ ಚೆನ್ನಾಗಿ ಕೇಳುತ್ತದೆ.

ಸೇತುವೆ ಮತ್ತು ತೂಗುರೈಲು

ಕೊಂಕಣ ರೈಲ್ವೆಯವರು ಒಮ್ಮೆ ವೈಜ್ಞಾನಿಕ ಕಥೆಯನ್ನೇ ಕಟ್ಟಲು ಹೊರಟಿದ್ದರು. ಮಡಗಾಂವಿನಲ್ಲಿ ಕಂಬಗಳ ಮೇಲಿನ ಹಳಿಗೆ ತೂಗುಬಿಟ್ಟ ಬೋಗಿ ಓಡಿಸುವ ಸ್ಕೈಬಸ್. 2004ರ ಪರೀಕ್ಷಾ ಓಟದಲ್ಲಿ ಅಪಘಾತವಾಗಿ ಒಬ್ಬ ನೌಕರ ತೀರಿಕೊಂಡರು. ಯೋಜನೆ ಅಲ್ಲಿಗೇ ನಿಂತು, ಮುಂದೆ ಕಂಬಗಳನ್ನೂ ಕಿತ್ತರು. ಅದೇ ರೈಲ್ವೆಯ ಅತಿ ಉದ್ದದ ಸೇತುವೆ ಹೊನ್ನಾವರದ ಬಳಿ ಶರಾವತಿಯ ಮೇಲಿದೆ, ಎರಡು ಕಿಲೊಮೀಟರಿಗೂ ಹೆಚ್ಚು. 1998ರಲ್ಲಿ ಮಾರ್ಗ ಪೂರ್ತಿ ತೆರೆದ ಮೇಲೆ ಎಷ್ಟೊಂದು ಮಳೆಗಾಲ ದಾಟಿತು. ಆ ಸೇತುವೆಯ ಬಗ್ಗೆ ಯಾರೂ ಕಥೆ ಬರೆಯುವುದಿಲ್ಲ. ಕೆಡದ ಯಂತ್ರ ಸುದ್ದಿಯಾಗುವುದಿಲ್ಲ.

ಆಸ್ರಿಗೆ ಕೇಳದ ಫೋನು

ಗೋಡೆಯ ತೂತಿಗೆ ಪ್ಲಗ್ಗು ಹೊಂದಬೇಕು ಎಂದೆನಲ್ಲ, ಬಾಯಿಗೆ ಭಾಷೆಯೂ ಹೊಂದಬೇಕು. ಕಂಪ್ಯೂಟರಿನಲ್ಲಿ ಕನ್ನಡ ಸಲೀಸಾಗಿ ಕುಟ್ಟಬಹುದು ಎಂದು ತೋರಿಸಿದವರು ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್. ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಅವರ ವಿನ್ಯಾಸವೇ ಬುನಾದಿ. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳನ್ನು ಕಾದಿಟ್ಟಿದ್ದಾರೆ, ಲಿಪಿಯ ಕಷ್ಟ ಮುಗಿಯಿತು.

ಮಾತಿನ ಕಷ್ಟ ಮುಗಿದಿಲ್ಲ. ಹೇಳಿದ್ದನ್ನು ಬರೆದುಕೊಳ್ಳುವ ಫೋನಿಗೆ ನಾನು ‘ಆಸ್ರಿಗೆ ಬೇಕಾ?’ (ಕುಡಿಯಲು ಏನಾದರೂ ಬೇಕಾ?) ಅಂದರೆ ಅದು ‘ಆಸರೆಗೆ’ ಎಂದು ಬರೆಯುತ್ತದೆ. ಬಾಯಾರಿದವನಿಗೆ ಊರುಗೋಲು ಕೊಟ್ಟ ಹಾಗೆ. ಹವ್ಯಕರದ್ದು, ಹಾಲಕ್ಕಿಗಳದ್ದು, ಖಾರ್ವಿಗಳದ್ದು ಒಂದೊಂದು ನುಡಿ. ಭಟ್ಕಳದ ನವಾಯತಿಯನ್ನಂತೂ ಬಲದಿಂದ ಎಡಕ್ಕೆ, ಉರ್ದುವಿನ ಅಕ್ಷರದಲ್ಲಿ ಬರೆಯುತ್ತಾರೆ. ಇಪ್ಪತ್ತು ಕಿಲೊಮೀಟರಿಗೊಮ್ಮೆ ಮಾತು ಬದಲಾಗುವ ಸೀಮೆಯಲ್ಲಿ ಪಾಸಾದ ಫೋನನ್ನು ಮಾತ್ರ ನಾನು ಬುದ್ಧಿವಂತ ಎನ್ನುತ್ತೇನೆ.

ನುಡಿ, ಸಾಮಾನು ಎರಡನ್ನೂ ಬಲ್ಲವರು ನಮ್ಮಲ್ಲೇ ಇದ್ದರು. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ದೊಡ್ಡ ಕಥೆಗಾರರೆಂದು ಎಲ್ಲರಿಗೂ ಗೊತ್ತು. ಪಾಲಿಮರ್ ತಜ್ಞರಾಗಿ ಮುಂಬೈಯಲ್ಲಿ ಬೇಕಲೈಟ್ ಹೈಲಂ ಕಂಪನಿಯಲ್ಲಿ ದುಡಿದರೆಂಬುದು ಅಷ್ಟಾಗಿ ನೆನಪಿರುವುದಿಲ್ಲ. ಬೇಕಲೈಟ್ 1907ರಲ್ಲಿ ತಯಾರಾದ ಪ್ಲಾಸ್ಟಿಕ್ಕು. ತುಕ್ಕು ಹಿಡಿಯದು, ಕರೆಂಟು ಹರಿಸದು, ಕಿಲುಬಂತೂ ಇಲ್ಲವೇ ಇಲ್ಲ. ನಮ್ಮ ಹಳೆಯ ಮನೆಯ ಕರಿ ಸ್ವಿಚ್ಚು ಅದರದ್ದೇ. ಎರಡು ಸ್ಕ್ರೂ ಬಿಚ್ಚಿದರೆ ಹೊಟ್ಟೆ ಕಾಣುತ್ತದೆ, ಒರೆಸಿ ಮುಚ್ಚಿದರೆ ಮತ್ತೆ ‘ಟಕ್’ ಎನ್ನುತ್ತದೆ. ಅದರ ಪಕ್ಕದಲ್ಲಿ ಚಾರ್ಜಿಗಿಟ್ಟ ನನ್ನ ನಾಲ್ಕನೆಯ ಫೋನನ್ನು ಬಿಚ್ಚಲು ಸ್ಕ್ರೂವೇ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ.

ಹಾಗಾಗಿ ಹೊಸ ಫೋನ್ ಕೊಳ್ಳುವವರಿಗೆ ಒಂದು ಮಾತು. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಆಮೇಲೆ ಕೇಳಿ. ಇದನ್ನು ಬಿಚ್ಚುವವರು ಕುಮಟಾದಲ್ಲಿ ಇದ್ದಾರೆಯೇ ಎಂದು ಮೊದಲು ಕೇಳಿ.