ಶಾಲಾ ಕೊಠಡಿಯಲ್ಲಿ ವರ್ಚುವಲ್ ರಿಯಾಲಿಟಿ: ಸಾಧನ ಖರೀದಿಗೆ ಮುನ್ನ ತರಂಗಾಂತರದ ಲೆಕ್ಕ

ಕಿತ್ತೂರು ಕೋಟೆಯ ವಿನ್ಯಾಸ, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯ ರಚನೆ, ಮಾನವ ಹೃದಯದ ಕವಾಟಗಳು ಮುಂತಾದವನ್ನು ವಿದ್ಯಾರ್ಥಿಯು ಕುಳಿತಲ್ಲಿಯೇ ಸುತ್ತಲೂ ನೋಡುವಂತೆ ಮಾಡುವ ತಂತ್ರಜ್ಞಾನವೇ ವರ್ಚುವಲ್ ರಿಯಾಲಿಟಿ. ಕಣ್ಣೆದುರಿನ ನೈಜ ದೃಶ್ಯದ ಮೇಲೆಯೇ ಚಿತ್ರ ಹಾಗೂ ವಿವರಗಳನ್ನು ಮೂಡಿಸುವುದು ಆಗ್ಮೆಂಟೆಡ್ ರಿಯಾಲಿಟಿ. ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಗ್ರಾಮ ಪಂಚಾಯತಗಳು ಇಂತಹ ಸಾಧನಗಳನ್ನು ಶಾಲೆಗಳಿಗೆ ಒದಗಿಸಲು ಯೋಜಿಸುವಾಗ, ಅವುಗಳ ಬೆಲೆಯೊಂದಿಗೆ ಕೊಠಡಿಯೊಳಗಿನ ನಿಸ್ತಂತು ಸಾಮರ್ಥ್ಯವನ್ನೂ ಪರಿಶೀಲಿಸುವುದು ಅವಶ್ಯಕ. ಇಲ್ಲವಾದಲ್ಲಿ ಅನುದಾನ ವೆಚ್ಚವಾಗಿಯೂ ಸಾಧನಗಳು ಕಪಾಟಿನಲ್ಲಿಯೇ ಉಳಿಯುವ ಸಂಭವವಿರುತ್ತದೆ.

ತರಂಗಾಂತರದ ಲಭ್ಯತೆ

ಹಳೆಯ ವೈ-ಫೈ ರೂಟರುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಿಯಾಗದ ಚಾನಲ್‌ಗಳು ಮೂರು ಮಾತ್ರ. ಬ್ಲೂಟೂತ್ ಸಾಧನಗಳೂ ಇದೇ ಪಟ್ಟಿಯನ್ನು ಬಳಸುತ್ತವೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ತರಂಗಾಂತರವನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 6 ಗಿಗಾಹರ್ಟ್ಸ್ ಪಟ್ಟಿಯ ಕೆಳಭಾಗದ 500 ಮೆಗಾಹರ್ಟ್ಸ್‌ಗೆ ಸಂಬಂಧಿಸಿದ ಕರಡು ನಿಯಮಗಳು 2025ರ ಮೇ ತಿಂಗಳಲ್ಲಿ ಪ್ರಕಟವಾದವು.

ಕೊಠಡಿಯ ಲೆಕ್ಕ

ಕಾಲುವೆಯ ನೀರಿಗೆ ರೈತರು ಸರದಿ ಕಾಯುವಂತೆ, ಒಂದು ಚಾನಲ್‌ನಲ್ಲಿರುವ ಸಾಧನಗಳೆಲ್ಲವೂ ಸರದಿಯಂತೆ ದತ್ತಾಂಶ ಪಡೆಯುತ್ತವೆ. ಪ್ರತಿ ಸಾಧನಕ್ಕೆ 25 ಎಂಬಿಪಿಎಸ್ ಎಂದು ಭಾವಿಸಿದರೂ 30 ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ 750 ಎಂಬಿಪಿಎಸ್ ಬೇಕಾಗುತ್ತದೆ. 100 ಎಂಬಿಪಿಎಸ್ ಸಂಪರ್ಕ ಇದಕ್ಕೆ ಸಾಲದು. ಅಲ್ಲದೆ, ತಲೆ ತಿರುಗಿಸಿದ ಸುಮಾರು 20 ಮಿಲಿಸೆಕೆಂಡುಗಳೊಳಗೆ ದೃಶ್ಯವೂ ಬದಲಾಗಬೇಕು. ವಿಳಂಬವಾದಲ್ಲಿ ಮಕ್ಕಳಿಗೆ ತಲೆಸುತ್ತು, ವಾಕರಿಕೆ ಉಂಟಾಗಬಹುದು.

ಇದಕ್ಕೆ ಸುಲಭ ಪರಿಹಾರವೂ ಇದೆ. ಪಾಠವನ್ನು ಮುಂಚಿತವಾಗಿಯೇ ಸಾಧನದಲ್ಲಿ ಸಂಗ್ರಹಿಸಿದರೆ ತರಗತಿಯ ವೇಳೆ ಅಂತರ್ಜಾಲದ ಅವಲಂಬನೆ ಬಹಳ ಕಡಿಮೆಯಾಗುತ್ತದೆ. 2 ಗಿಗಾಬೈಟ್ ಗಾತ್ರದ ಪಾಠವೊಂದನ್ನು 20 ಎಂಬಿಪಿಎಸ್ ವೇಗದಲ್ಲಿ ಇಳಿಸಿಕೊಳ್ಳಲು ಸುಮಾರು 14 ನಿಮಿಷ ಸಾಕು.

ದಪ್ಪ ಕಲ್ಲುಗೋಡೆಗಳ ಹಳೆಯ ಶಾಲೆಗಳಲ್ಲಿ 5 ಗಿಗಾಹರ್ಟ್ಸ್ ಸಂಕೇತವು ಪಕ್ಕದ ಕೊಠಡಿಗೆ ಕ್ಷೀಣಿಸಿ ತಲುಪುತ್ತದೆ. ಆದುದರಿಂದ ಕಾರ್ಯಾಲಯದ ಒಂದೇ ರೂಟರ್ ಸಾಲದು. ಆದರೆ ಕೊಠಡಿಗೊಂದು ರೂಟರ್ ಅಳವಡಿಸಿದಲ್ಲಿ ಅದೇ ಗೋಡೆ ಅನುಕೂಲವಾಗಿ, ಒಂದರ ಸಂಕೇತ ಇನ್ನೊಂದಕ್ಕೆ ಅಡ್ಡಿಯಾಗುವುದು ತಗ್ಗುತ್ತದೆ.

ಗಮನಿಸಬೇಕಾದ ಅಂಶಗಳು

1. ಸಾಧನ ಹಾಗೂ ರೂಟರ್ ಎರಡೂ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಾರ್ಯನಿರ್ವಹಿಸುವುದನ್ನು ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳುವುದು.

2. ರೂಟರುಗಳಿಗೆ ಕೇಬಲ್ ಮೂಲಕವೇ ಸಂಪರ್ಕ ನೀಡುವುದು.

3. ಅಂತರ್ಜಾಲವಿಲ್ಲದೆಯೂ ನಡೆಯುವ ಪಾಠಗಳಿಗೆ ಆದ್ಯತೆ ನೀಡುವುದು.

4. ಮೊದಲು ಒಂದು ಕೊಠಡಿಯಲ್ಲಿ ಎಲ್ಲ ಸಾಧನಗಳನ್ನು ಒಟ್ಟಿಗೆ ಚಾಲನೆ ಮಾಡಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಮ್ಮುಖದಲ್ಲಿ ಪರೀಕ್ಷಿಸಿದ ನಂತರವೇ ಉಳಿದ ಖರೀದಿಗೆ ಮುಂದಾಗುವುದು.

ಈ ಪರೀಕ್ಷೆಗೆ ಒಂದು ದಿನ ಸಾಕು. ಕೊನೆಯ ಸಾಲಿನಲ್ಲಿ ಕುಳಿತ ಮಗುವಿಗೂ ಪಾಠವು ತಡೆಯಿಲ್ಲದೆ ತಲುಪಿದಾಗ ಮಾತ್ರ ಯೋಜನೆಯ ಉದ್ದೇಶ ಈಡೇರುತ್ತದೆ.