ಗೋದಾಮಿಲ್ಲದ ಅಂಗಡಿಗೂ ಹೆಸರು ಬೇಕು

ಸಿಂಧನೂರಿನ ಒಂದು ಕೋಣೆಯಲ್ಲಿ ಕೂತು, ಮೊಬೈಲಿನಲ್ಲೇ ಅಂಗಡಿ ತೆರೆದು, ಸೂರತ್‌ನ ಸೀರೆಯನ್ನು ಲಿಂಗಸುಗೂರಿನ ಗಿರಾಕಿಗೆ ಮಾರಬಹುದು. ಸೀರೆ ಮಾರುವವರ ಕೈಗೆ ಬರುವುದೇ ಇಲ್ಲ. ಸೂರತ್‌ನಿಂದ ನೇರ ಗಿರಾಕಿಯ ಮನೆಗೆ ಹೋಗುತ್ತದೆ. ಇದೇ ಡ್ರಾಪ್‌ಶಿಪ್ಪಿಂಗ್. ಆನ್‌ಲೈನ್ ಡೈರೆಕ್ಟರಿಗಳು ಇಂಥ ಅಂಗಡಿಗಳನ್ನು ಸೇರಿಸಿಕೊಳ್ಳಬೇಕೇ? ಬೇಡ ಎನ್ನುವವರಲ್ಲೂ ಬೇಕು ಎನ್ನುವವರಲ್ಲೂ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಸರಕು ಇಟ್ಟುಕೊಳ್ಳದವರು ವ್ಯಾಪಾರಿಗಳೇ ಅಲ್ಲ, ಅವರದು ಮೋಸ.

ಸತ್ಯ: ಸಿಂಧನೂರಿನ ಅಕ್ಕಿ ವ್ಯಾಪಾರ ಬಲ್ಲವರಿಗೆ ಈ ಪದ್ಧತಿ ಹೊಸದಲ್ಲ. ದಲಾಲಿ ಮಾಡುವವರು ಚೀಲ ಮುಟ್ಟದೆಯೇ ವ್ಯವಹಾರ ಕುದುರಿಸುತ್ತಾರೆ. ಲಾರಿ ಮಿಲ್ಲಿನಿಂದ ನೇರ ಖರೀದಿದಾರರ ಊರಿಗೆ ಹೊರಡುತ್ತದೆ. ಅಕ್ಕಿಯಲ್ಲಿ ನುಚ್ಚು ಹೆಚ್ಚಿದ್ದರೆ ಯಾರನ್ನು ಕೇಳಬೇಕೆಂದು ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ. ಡ್ರಾಪ್‌ಶಿಪ್ಪಿಂಗ್ ಕಾನೂನುಬಾಹಿರವಲ್ಲ. ಕೇಳಲು ಯಾರೂ ಸಿಗದಿದ್ದಾಗಲೇ ಗಿರಾಕಿ ಕೆಡುವುದು.

ತಪ್ಪು ಕಲ್ಪನೆ: ಮಾಲು ಕೆಟ್ಟಿದ್ದರೆ ಕಳಿಸಿದವರದೇ ಹೊಣೆ, ಮಾರಿದವರದಲ್ಲ.

ಸತ್ಯ: ನಿಮ್ಮ ಹಣ ಪಡೆದು, ತಮ್ಮ ಹೆಸರಿನಲ್ಲಿ ಬಿಲ್ ಕೊಟ್ಟವರೇ ಮಾರಾಟಗಾರರು. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ ಮತ್ತು ಕುಂದುಕೊರತೆ ಅಧಿಕಾರಿಯ ವಿವರವನ್ನು ಎದ್ದು ಕಾಣುವಂತೆ ಹಾಕಬೇಕು. ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಸಣ್ಣ ಅಂಗಡಿಯೆಂದು ಜಿಎಸ್‌ಟಿ ಬೇಡವೆನ್ನುವುದೂ ಪೂರ್ತಿ ನಿಜವಲ್ಲ: ಹೊರರಾಜ್ಯದ ಗಿರಾಕಿಗೆ ತೆರಿಗೆಯುಳ್ಳ ಸರಕು ಮಾರಿದರೆ, ಸಾಮಾನ್ಯವಾಗಿ ವಹಿವಾಟು ಎಷ್ಟೇ ಕಡಿಮೆಯಿರಲಿ, ನೋಂದಣಿ ಬೇಕು.

ತಪ್ಪು ಕಲ್ಪನೆ: ಡೈರೆಕ್ಟರಿಯಲ್ಲಿ ಹೆಸರಿದೆ ಎಂದರೆ ಪರಿಶೀಲನೆ ಆಗಿದೆ.

ಸತ್ಯ: ಎಷ್ಟೋ ಡೈರೆಕ್ಟರಿಗಳಲ್ಲಿ ಫಾರ್ಮ್ ತುಂಬಿದರೆ ಸಾಕು. ಹಣ ಕೊಟ್ಟವರು ಮೇಲಿನ ಸಾಲಿಗೆ ಬರುವುದೂ ಉಂಟು. ಗೂಗಲ್ ನಕ್ಷೆಯ ನಿಯಮವೇ ಬೇರೆ: ಗಿರಾಕಿಯನ್ನು ಮುಖಾಮುಖಿ ಕಾಣದ, ಬರೀ ಆನ್‌ಲೈನ್ ಅಂಗಡಿಗೆ ಅಲ್ಲಿ ಜಾಗವಿಲ್ಲ. 1998ರಿಂದ 2017ರವರೆಗೆ ಸ್ವಯಂಸೇವಕರು ನಡೆಸಿದ ಡಿಮೋಜ್ ಡೈರೆಕ್ಟರಿ, ಬೇರೆಯವರ ಮಾಲಿಗೆ ಕೊಂಡಿ ಹಾಕಿ ಕಮಿಷನ್ ಪಡೆಯುವುದನ್ನೇ ಮುಖ್ಯವಾಗಿಸಿಕೊಂಡ ತಾಣಗಳನ್ನು ಸೇರಿಸುತ್ತಿರಲಿಲ್ಲ. ಅದರಲ್ಲಿ ನ್ಯಾಯವಿತ್ತು. ಒಂದೇ ಫೋಟೊ, ಒಂದೇ ವಿವರಣೆ ಹೊತ್ತ ಹತ್ತು ಅಂಗಡಿಗಳ ಪಟ್ಟಿ ಯಾರಿಗೂ ಉಪಯೋಗವಿಲ್ಲ.

ಆದರೂ ಎಲ್ಲರನ್ನೂ ಹೊರಗಿಡುವುದನ್ನು ನಾನು ಒಪ್ಪುವುದಿಲ್ಲ. ಬಂಡವಾಳವಿಲ್ಲದ ಹೆಣ್ಣುಮಗಳೊಬ್ಬಳು ಮನೆಯಿಂದಲೇ ದುಡಿಯಲು ಇದೊಂದು ದಾರಿ. ಡೈರೆಕ್ಟರಿ ನಡೆಸುವವರು ಗೋದಾಮು ಎಲ್ಲಿದೆ ಎಂದು ಕೇಳುವುದು ಬಿಟ್ಟು ಹೆಸರು, ವಿಳಾಸ, ಮಾಲು ವಾಪಸ್ ಪಡೆಯುವ ಕ್ರಮ ಕೇಳಲಿ. ಸರಕು ಬೇರೆಡೆಯಿಂದ ಬರುತ್ತದೆಂದು ಬರೆಸಲಿ. ಕೊಟ್ಟವರನ್ನು ಸೇರಿಸಲಿ, ಕೊಡದವರನ್ನು ಬಿಡಲಿ.

ತಪ್ಪು ಕಲ್ಪನೆ: ಮೋಸವಾದರೆ ಮಾರಿದವರ ಊರಿಗೇ ಹೋಗಿ ಕೇಸು ಹಾಕಬೇಕು.

ಸತ್ಯ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಸ್ಕಿಯವರಿಗೆ ರಾಯಚೂರಿನ ಜಿಲ್ಲಾ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಸ್ಕಿಯವರಿಗೆ ಈ ಸಂಖ್ಯೆ ಮರೆಯುವಂಥದ್ದಲ್ಲ. ಬರೀ ಬಿರುದುಗಳಿಂದ ಪರಿಚಿತನಾಗಿದ್ದ ಅರಸನ ಅಶೋಕ ಎಂಬ ಹೆಸರನ್ನು ತೋರಿಸಿಕೊಟ್ಟ ಅಲ್ಲಿಯ ಬಂಡೆಶಾಸನ ಬೆಳಕಿಗೆ ಬಂದದ್ದೂ 1915ರಲ್ಲೇ.