ಘಾಟಿ ಹತ್ತೋ ಲಾರಿಗೆ ದೊಡ್ಡ ಟರ್ಬೊ ಹಾಕಿಸಿದ್ರೆ ಪಿಕಪ್ ಬರುತ್ತಾ? ಅಳತೆ ತಪ್ಪಿದರೆ ಇಂಜಿನ್ನಿಗೇ ಕುತ್ತು

ಸಕಲೇಶಪುರ: ಮಂಗಳೂರಿನಿಂದ ಲೋಡ್ ತುಂಬಿಕೊಂಡು ಬರುವ ಲಾರಿಗೆ ಶಿರಾಡಿ ಘಾಟಿಯೇ ನಿಜವಾದ ಪರೀಕ್ಷೆ. ಗುಂಡ್ಯ ದಾಟಿದ ಮೇಲೆ ಗೇರ್ ಇಳಿಸುತ್ತಾ, ಕಪ್ಪು ಹೊಗೆ ಬಿಡುತ್ತಾ ತೆವಳುವ ಗಾಡಿಗಳನ್ನು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡಾಡುವವರೆಲ್ಲ ನೋಡಿರ್ತಾರೆ. ಇಂಥ ಗಾಡಿಯ ಟರ್ಬೊ ಕೆಟ್ಟಾಗ ಗ್ಯಾರೇಜ್‌ನಲ್ಲಿ ಒಂದು ಸಲಹೆ ಬಂದೇ ಬರುತ್ತೆ: ಹೆಂಗೂ ಬಿಚ್ತಿದೀವಿ, ಸ್ವಲ್ಪ ದೊಡ್ಡದೇ ಹಾಕಿಬಿಡೋಣ, ಪಿಕಪ್ ಬರುತ್ತೆ ಅಂತ. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಸಾಲದ ಕಂತು ಕಟ್ಟುತ್ತಿರುವ ಮಾಲೀಕರಿಗೆ ಈ ಒಂದು ತೀರ್ಮಾನ ಇಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದು.

ಟರ್ಬೊ ಮಾಡೋ ಕೆಲಸ ಏನು?

ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ರಭಸಕ್ಕೆ ಟರ್ಬೊದ ಒಂದು ಬದಿಯ ಚಕ್ರ (ಟರ್ಬೈನ್) ತಿರುಗುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ (ಕಂಪ್ರೆಸರ್) ಹೊರಗಿನ ಗಾಳಿಯನ್ನು ಎಳೆದು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಲೋಡ್ ಬಿದ್ದಾಗ ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದೂ ಉಂಟು.

ಗಾಳಿ ಯಾಕೆ ಇಷ್ಟು ಮುಖ್ಯ? ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಲೆಕ್ಕಕ್ಕೆ ಸುಮಾರು 14.5 ಕೆ.ಜಿ. ಗಾಳಿ ಬೇಕು. ಹೊಗೆ ಬಾರದೆ ದುಡಿಯಬೇಕಾದರೆ ಟರ್ಬೊ ಇರುವ ಲಾರಿ ಇಂಜಿನ್ನಿಗೆ 20 ಕೆ.ಜಿ.ಗೂ ಹೆಚ್ಚು ಸಿಗಬೇಕು. ಗಾಳಿ ಸಾಲದಿದ್ದರೆ ಡೀಸೆಲ್ ಅರೆಬರೆ ಉರಿಯುತ್ತದೆ. ಕಪ್ಪು ಹೊಗೆ ಅಂದರೆ ಅದೇ, ಕಾಸು ಕೊಟ್ಟು ಹಾಕಿಸಿದ ಡೀಸೆಲ್ ಸೈಲೆನ್ಸರ್‌ನಿಂದ ಹೊರಗೆ ಹೋಗೋದು.

ಒಂದು ಸರಳ ಲೆಕ್ಕ

ನಮ್ಮ ರಸ್ತೆಗಳಲ್ಲಿ ಬಹಳ ಕಾಣುವ 5.9 ಲೀಟರ್‌ನ ಆರು ಸಿಲಿಂಡರ್ ಕಮಿನ್ಸ್ ಇಂಜಿನ್ನನ್ನೇ ತಗೊಳ್ಳಿ. ಎರಡು ಸುತ್ತಿಗೊಮ್ಮೆ ಅದು ತನ್ನ ಹೊಟ್ಟೆ ತುಂಬಾ ಗಾಳಿ ಎಳೆಯುತ್ತದೆ. 2500 ಆರ್‌ಪಿಎಂನಲ್ಲಿ ನಿಮಿಷಕ್ಕೆ 5.9 × 1250, ಅಂದರೆ ಸುಮಾರು 7,375 ಲೀಟರ್. ಸಿಲಿಂಡರ್ ನೂರಕ್ಕೆ ನೂರು ತುಂಬುವುದಿಲ್ಲ. ಶೇ 90 ಅಂತ ಹಿಡಿದರೆ ಸುಮಾರು 6,600 ಲೀಟರ್.

ಟರ್ಬೊ ಒಂದು ಬಾರ್ (14.5 ಪಿಎಸ್‌ಐ) ಒತ್ತಡ ಕೊಟ್ಟು, ಇಂಟರ್‌ಕೂಲರ್ ಆ ಗಾಳಿಯನ್ನು 60 ಡಿಗ್ರಿಗೆ ತಣಿಸಿದರೆ, ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ 2 ಗ್ರಾಂ ತೂಗುತ್ತದೆ. ಅಲ್ಲಿಗೆ ನಿಮಿಷಕ್ಕೆ 13ರಿಂದ 14 ಕೆ.ಜಿ. ಗಾಳಿ. ಅದೇ ಇಂಜಿನ್ ಘಾಟಿಯಲ್ಲಿ 1500 ಆರ್‌ಪಿಎಂನಲ್ಲಿ ಎಳೆಯುವಾಗ ಬೇಕಾಗುವುದು ಬರೀ 8 ಕೆ.ಜಿ. ಚಿಲ್ಲರೆ.

ಅಂದರೆ ಈ ಗಾಡಿಗೆ ಬೇಕಾದ್ದು 8ರಿಂದ 14 ಕೆ.ಜಿ. ನಡುವೆ ಚೆನ್ನಾಗಿ ದುಡಿಯುವ ಟರ್ಬೊ. ಎಷ್ಟು ಗಾಳಿ, ಎಷ್ಟು ಒತ್ತಡಕ್ಕೆ ಯಾವ ಟರ್ಬೊ ಸರಿಯಾಗಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ತಯಾರಕರು ನಕ್ಷೆಯನ್ನೇ ಮಾಡಿರುತ್ತಾರೆ. ಅದಕ್ಕೆ ಕಂಪ್ರೆಸರ್ ಮ್ಯಾಪ್ ಅನ್ನುತ್ತಾರೆ.

ದೊಡ್ಡದಾದರೆ ಏನಾಗುತ್ತೆ?

300 ಎಚ್‌ಪಿ ಇಂಜಿನ್ನಿನ ಟರ್ಬೊ ತಂದು 180 ಎಚ್‌ಪಿ ಗಾಡಿಗೆ ಕೂರಿಸಿದರು ಅಂದುಕೊಳ್ಳಿ. ಏರಿನಲ್ಲಿ ಆರ್‌ಪಿಎಂ ಬಿದ್ದಾಗ ಬರುವ ಹೊಗೆ ಆ ದೊಡ್ಡ ಚಕ್ರವನ್ನು ತಿರುಗಿಸಲು ಸಾಲದು. ಬೂಸ್ಟ್ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಡೀಸೆಲ್ ಹೋಗುತ್ತದೆ, ಗಾಳಿ ಮಾತ್ರ ಇಲ್ಲ. ಹೊಗೆಯ ಶಾಖ ಏರುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಪಿಸ್ಟನ್ ಆಗಿರುವುದೂ ಬಹುಪಾಲು ಅದರಿಂದಲೇ. ಆಯಿಲ್ ಮತ್ತು ಕೂಲಂಟ್ ತಣಿಸುತ್ತಿರುವ ತನಕ ಪಿಸ್ಟನ್ ಬದುಕುತ್ತದೆ. ಸೈಲೆನ್ಸರ್ ಕಡೆಯ ಶಾಖ ಬಹಳ ಹೊತ್ತು 700 ಡಿಗ್ರಿ ಮೀರಿದರೆ ಅಪಾಯ.

ಇನ್ನೊಂದು ತೊಂದರೆ ಸರ್ಜ್. ಕಡಿಮೆ ಗಾಳಿಯನ್ನು ಹೆಚ್ಚು ಒತ್ತಡಕ್ಕೆ ತಳ್ಳಲು ಹೋದಾಗ ಒತ್ತಿದ ಗಾಳಿ ವಾಪಸ್ ನುಗ್ಗುತ್ತದೆ. ಬುಸ್ ಬುಸ್ ಅಂತ ಬಿಟ್ಟುಬಿಟ್ಟು ಸದ್ದು ಬರುತ್ತದೆ. ಅದು ಪವರ್ ಸೌಂಡ್ ಅಲ್ಲ, ಬೇರಿಂಗ್‌ಗೆ ಬೀಳುತ್ತಿರುವ ಪೆಟ್ಟು.

ಚಿಕ್ಕದಾದರೂ ಕಷ್ಟವೇ

ಚಿಕ್ಕ ಟರ್ಬೊ ಬೇಗ ತಿರುಗುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಚೆನ್ನಾಗಿರುತ್ತದೆ. ಆದರೆ ಇಂಜಿನ್ ವೇಗ ಏರಿದಂತೆ ಹೊಗೆ ಹೊರಗೆ ಹೋಗಲು ದಾರಿ ಸಾಲದೆ ಹಿಂದಕ್ಕೆ ಒತ್ತುತ್ತದೆ. ಚಕ್ರ ಮಿತಿ ಮೀರಿ ತಿರುಗುತ್ತದೆ, ಗಾಳಿ ಕಾದು ಹೋಗುತ್ತದೆ.

ಇದಕ್ಕೆ ಎತ್ತರವೂ ಸೇರುತ್ತದೆ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಸಕಲೇಶಪುರ 900 ಮೀಟರ್‌ಗೂ ಮೇಲೆ. ಇಲ್ಲಿ ಗಾಳಿ ಸುಮಾರು ಶೇ 10ರಷ್ಟು ತೆಳು. ಅಷ್ಟೇ ಗಾಳಿ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಕೆಳಗೆ ಅಂಚಿನಲ್ಲಿ ದುಡಿಯುತ್ತಿದ್ದ ಚಿಕ್ಕ ಟರ್ಬೊ ಮೇಲೆ ಬಂದಾಗ ಕೈಕೊಡುವುದು ಹೀಗೆ.

ಅಂಗಡಿಯಲ್ಲಿ ನೋಡಬೇಕಾದ್ದು

* ಹಳೆಯ ಟರ್ಬೊ ಮೇಲಿನ ಪ್ಲೇಟ್‌ನ ಪಾರ್ಟ್ ನಂಬರ್ ಫೋಟೊ ತೆಗೆದುಕೊಳ್ಳಿ. ಒಂದೇ ಇಂಜಿನ್ ಬೇರೆ ಬೇರೆ ಎಚ್‌ಪಿಯಲ್ಲಿ ಬರುತ್ತದೆ, ಟರ್ಬೊ ಬೇರೆ ಇರುತ್ತದೆ. ಬೋಲ್ಟ್ ಕೂತ ಮಾತ್ರಕ್ಕೆ ಅದೇ ಟರ್ಬೊ ಅಂತಲ್ಲ.

* ಬಸವನಹುಳದ ಚಿಪ್ಪಿನಂತಿರುವ ಟರ್ಬೈನ್ ಹೌಸಿಂಗ್ ಮೇಲಿನ ಅಂಕಿ ನೋಡಿ. ಹೋಲ್ಸೆಟ್‌ನಲ್ಲಿ 12, 14, 16 ಎಂಬಂತೆ ಚದರ ಸೆಂ.ಮೀ. ಲೆಕ್ಕ, ಗ್ಯಾರೆಟ್‌ನಲ್ಲಿ ಎ/ಆರ್ 0.63, 0.82 ಹೀಗೆ. ಅಂಕಿ ಚಿಕ್ಕದಾದಷ್ಟೂ ಬೂಸ್ಟ್ ಬೇಗ, ದೊಡ್ಡದಾದಷ್ಟೂ ತಡ.

* ಹಳೆಯದು ಯಾಕೆ ಹೋಯಿತು ಅಂತ ಪತ್ತೆ ಮಾಡದೆ ಹೊಸದು ಹಾಕಬೇಡಿ. ಆಯಿಲ್ ಬರುವ ಮತ್ತು ವಾಪಸ್ ಹೋಗುವ ಪೈಪ್ ಕಟ್ಟಿದ್ದರೆ, ಏರ್ ಫಿಲ್ಟರ್ ದೂಳು ಬಿಡುತ್ತಿದ್ದರೆ, ಹೊಸದೂ ಅದೇ ದಾರಿ ಹಿಡಿಯುತ್ತದೆ.

* ಪಿಕಪ್ ಇಲ್ಲ ಅಂದ ತಕ್ಷಣ ಟರ್ಬೊ ದೂರಬೇಡಿ. ಹೋಸ್ ಸೀಳಿದೆಯಾ, ಕ್ಲಿಪ್ ಸಡಿಲವಾ, ಇಂಟರ್‌ಕೂಲರ್ ಸೋರ್ತಿದೆಯಾ, ನೋಝಲ್ ಸರಿ ಇದೆಯಾ ನೋಡಿಸಿ. ಎಷ್ಟೋ ಸಲ ರಿಪೇರಿ ಅಲ್ಲೇ ಮುಗಿಯುತ್ತೆ.

* ದೊಡ್ಡ ಟರ್ಬೊ ಜೊತೆ ಡೀಸೆಲ್ ಪಂಪ್ ಸೆಟ್ಟಿಂಗ್ ಏರಿಸುವುದಾದರೆ ಕ್ಲಚ್, ಗೇರ್‌ಬಾಕ್ಸ್, ಹೆಡ್ ಗ್ಯಾಸ್ಕೆಟ್ ಮೇಲೂ ಭಾರ ಬೀಳುತ್ತದೆ.

* 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಎಲ್ಲವೂ ಸೆನ್ಸರ್ ಮತ್ತು ಇಸಿಯು ಹಿಡಿತದಲ್ಲಿ. ಅಲ್ಲಿ ಕಂಪನಿ ಹೇಳಿದ ನಂಬರ್ ಬಿಟ್ಟು ಬೇರೆ ಹಾಕಲೇಬೇಡಿ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ವಿವರ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನಿರ್ಬಂಧಿಸುತ್ತದೆ. ಎಫ್‌ಸಿಗೆ ಹೋದಾಗ ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳಬಹುದು.

ಹಾಕಿಸಿದ ಮೇಲೆ ಡ್ರೈವರ್ ಕೈಯಲ್ಲಿ

ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡಬಾರದು, ಆಯಿಲ್ ಟರ್ಬೊ ಬೇರಿಂಗ್ ತಲುಪಲು ಬಿಡಬೇಕು. ಘಾಟಿ ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದಾಗ ಒಂದೆರಡು ನಿಮಿಷ ಸ್ಲೋನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ಕಾದ ಟರ್ಬೊದೊಳಗೆ ಆಯಿಲ್ ನಿಂತರೆ ಸುಟ್ಟು ಗಟ್ಟಿಯಾಗುತ್ತದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ತಡ ಮಾಡಬೇಡಿ. ಟರ್ಬೊ ಸೀಲ್ ಹೋಗಿ ಆಯಿಲ್ ಇಂಜಿನ್ನಿಗೆ ನುಗ್ಗಿದರೆ, ಕೀ ಆಫ್ ಮಾಡಿದರೂ ಇಂಜಿನ್ ಆ ಆಯಿಲ್ ಮೇಲೇ ಓಡುತ್ತಾ ಹೋಗಬಹುದು.

ಘಾಟಿ ಹತ್ತಿಸುವುದು ಟರ್ಬೊದ ಗಾತ್ರ ಅಲ್ಲ, ಬೇಕಾದ ಆರ್‌ಪಿಎಂನಲ್ಲಿ ಬೇಕಾದಷ್ಟು ಗಾಳಿ. ಟರ್ಬೊ ಬದಲಿಸುವ ಮುನ್ನ ಮೆಕ್ಯಾನಿಕ್‌ನ ಒಂದೇ ಪ್ರಶ್ನೆ ಕೇಳಿ: ಇದು 1500ರಲ್ಲಿ ಎಷ್ಟು ಬೂಸ್ಟ್ ಕೊಡುತ್ತೆ? ಉತ್ತರ ಬರಲಿಲ್ಲ ಅಂದ್ರೆ ಹಳೇ ನಂಬರಿನದ್ದೇ ಹಾಕಿಸೋದು ಒಳ್ಳೇದು.